ಹದಿನಾಲ್ಕನೇ ಕಂಬ

ಖಣ ಮುಗಿಯಲು ಇನ್ನೂ ಗೇಣುದ್ದ ಇರುವಾಗ
ಫೋನು ಬಂತು. ಮಗ್ಗ ನಿಲ್ಲಿಸಿದಳು ಗುರುಸಿದ್ದವ್ವ.

"ಗುರುಸಿದ್ದವ್ವ ತಾಯಿ, ಆರಾಮದೀರಿ?"
ಅದೇ ದನಿ. ಹೋದ ಸಲ ಇದೇ ಕಟ್ಟೆಯ ಮೇಲೆ
ಬಸಿಯಲ್ಲಿ ಚಾ ಕುಡಿದವನದು.
ಅದೇ ಗೊಗ್ಗರು, ನಡುವೆ ಅದೇ ಕೆಮ್ಮು.

"ಏನ್ ಆರಾಮಪಾ. ನಮ್ಮ ಓಣಿ ಹದಿನಾಲ್ಕನೇ ಕಂಬದ
ದೀಪ ಹತ್ತವಲ್ದು, ಯುಗಾದಿ ಆಗಿ ಹೋತು."

"ನಿಮ್ಮ ಮತ ಅಮೂಲ್ಯ," ಅಂದಿತು ದನಿ.
"ಕಂಬದ್ದು ಹೇಳಾಕತ್ತೀನಿ ನಾ."
"ಗುಳೇದಗುಡ್ಡದ ಎಲ್ಲ ತಾಯಂದಿರಿಗೆ ನಮಸ್ಕಾರ."
ಕೆಮ್ಮಿತು. ಮೊದಲು ಕೆಮ್ಮಿದಷ್ಟೇ.

ಹೊಸ್ತಿಲಲ್ಲಿ ಮೊಮ್ಮಗಳು ನಕ್ಕಳು:
"ಆಯೀ, ಅದು ಮನಷ್ಯಾ ಅಲ್ಲ, ಮಷೀನು."

ಲಾಳಿ ಕೈಯಲ್ಲೇ ಇತ್ತು. ಗಳಿಗೆ ಸುಮ್ಮನಿದ್ದು ಅಂದಳು:
"ನಲವತ್ತು ವರ್ಷ ಈ ಮಗ್ಗದ ಮುಂದ ಕುಂತೀನಿ.
ಒಂದ್ ಎಳಿ ಹರಿದರ
ಇದೂ ನಿಲ್ತೈತಿ, ಗಂಟು ಹಾಕೂತನಕ.
ಅದು ನಿಲ್ಲವಲ್ದು ನೋಡ."

ಶುಕ್ರವಾರ ಉರ್ದು ಶಾಲೆಯಲ್ಲಿ ವಾರ್ಡ್ ಸಭೆ.
ನಲವತ್ತು ಕುರ್ಚಿ, ಒಂಬತ್ತು ಮಂದಿ,
ಫ್ಯಾನಿನ ಕೆಳಗೊಂದು ನಾಯಿ.
ಗುಮಾಸ್ತ ಮನೆಯಿಂದಲೇ ಬರೆದು ತಂದಿದ್ದ:
ಸರ್ವಾನುಮತ.

ಒಂದು ಕೈ ಎದ್ದಿತು,
ಬೆರಳಿಗೆ ಕೆಂಪು ಎಳೆ
ಇನ್ನೂ ಸುತ್ತಿಕೊಂಡೇ.