ಗಾಳಿಯಿಲ್ಲದ ರಾತ್ರಿಯ ಷರಾ

ಜೋಗಿಮಟ್ಟಿಯ ಬೆನ್ನ ಮೇಲೆ
ಹದಿನೇಳು ಗಾಳಿಯಂತ್ರ. ಹದಿನೇಳೂ ನಿಂತಿವೆ.
ನೆತ್ತಿಯ ಕೆಂಪು ದೀಪವಷ್ಟೇ ಮಿಟುಕುತ್ತದೆ
ನಿದ್ದೆ ಬಾರದ ಹುಂಜದ ಕಣ್ಣಿನ ಹಾಗೆ.
ಗಂಟೆಗೊಮ್ಮೆ ನಾನು ದಫ್ತರದಲ್ಲಿ ಬರೆಯಬೇಕು:
ವೇಗ ಇಷ್ಟು, ದಿಕ್ಕು ಇಂಥದು, ಕೊನೆಗೊಂದು ಷರಾ.
ಹನ್ನೊಂದಕ್ಕೆ, ಸೊನ್ನೆ ಪಾಯಿಂಟ್ ಒಂಬತ್ತು. ಷರಾ ಇಲ್ಲ.
ಹನ್ನೆರಡಕ್ಕೆ, ಸೊನ್ನೆ ಪಾಯಿಂಟ್ ಆರು. ಷರಾ ಇಲ್ಲ.

ಆಮೇಲೆ ಲ್ಯಾಪ್‌ಟಾಪ್ ತೆರೆದು
ಆ ದ್ವೀಪಕ್ಕೆ ಹೋದೆ.

ಅಲ್ಲಿ ಗಾಳಿಯಿದೆ.
ಮೊಣಕಾಲೆತ್ತರದ ಹುಲ್ಲು ಒಂದೇ ಕಡೆಗೆ ಬಾಗುತ್ತದೆ,
ಏನೋ ನೆನಪಾದಂತೆ ಮತ್ತೆ ತಲೆಯೆತ್ತುತ್ತದೆ.
ಕತ್ತಿ ಹಿಡಿದ ನನ್ನ ಹುಡುಗಿ ನಿಂತರೆ
ಅವಳ ಶಾಲಿನ ಅಂಚೂ ಅತ್ತಲೇ.
ಗುಡಿಸಲ ಮೇಲಿನ ಬಾವುಟ ಮಾತ್ರ ಇತ್ತ. ತಪ್ಪು.
ಕೆಲಸದವನ ಕಣ್ಣು, ಬಿಡುವುದಿಲ್ಲ.
ಆದರೂ ಈ ಹುಲ್ಲು ಬಿಡಿಸಿದವರು ಯಾರೋ
ಒಂದು ಸಂಜೆಯಾದರೂ ಗುಡ್ಡದ ಮೇಲೆ
ಕಿವಿ ಮರಗಟ್ಟುವವರೆಗೆ ನಿಂತಿದ್ದಾರೆ.

ಪಾಲಯ್ಯ ಬಂದ. ಮಂಕಿ ಟೊಪ್ಪಿ, ಟಾರ್ಚು, ಬೀಡಿ.
ಈಗ ಕಾವಲುಗಾರ; ಅದಕ್ಕೂ ಮುಂಚೆ ಇದೇ ಗುಡ್ಡದಲ್ಲಿ
ನಲವತ್ತು ವರ್ಷ ಕುರಿ.
ಕುರ್ಚಿ ಎಳೆದು ಕೂತವನು,
"ಹೊಡೆಯೋದು ಬ್ಯಾಡ ತಮ್ಮಾ,
ಆ ದಾರಿ ಎಲ್ಲಿಗೆ ಹೋಗ್ತೈತೆ ನೋಡಾನ" ಅಂದ.

ಹೋದೆವು. ರಾಕ್ಷಸರು ಗೊಣಗುತ್ತ ಹಿಂದೆಯೇ ಉಳಿದರು.
ಬಂಡೆಗಳ ನಡುವೆ ಇಳಿಯುವಾಗ ತಡೆದ:
"ಈ ಕಲ್ಲು ಆಗ್ಲೇ ನೋಡೀನಿ. ಅದೇ ಬಿರುಕು.
ಮಗ್ಗುಲು ತಿರುಗ್ಸಿ ಇಟ್ಟವ್ರೆ."
ಮತ್ತೊಂದು. ಅದು ತಲೆಕೆಳಗು. ಮತ್ತೂ ಒಂದು.
ಎಣಿಸಿದರೆ ಐದೇ ಕಲ್ಲು, ಇಡೀ ದ್ವೀಪಕ್ಕೆ.
ಮೂರು ವರ್ಷದಿಂದ ಆಡುವ ನನಗೆ ಕಂಡಿರಲಿಲ್ಲ.
ಮೋಸ ಅಂತಾನೇನೋ ಅಂದುಕೊಂಡೆ.
ಬೀಡಿಯನ್ನು ಕಿವಿಗೆ ಸಿಕ್ಕಿಸಿ ನಕ್ಕ:
"ಐದು ಕಲ್ನಾಗೆ ಒಂದು ದುರ್ಗ!
ನಮ್ಮವ್ವ ಒಂದು ಪಾವು ಬ್ಯಾಳ್ಯಾಗೆ
ಹಬ್ಬ ದಾಟಿಸ್ತಿದ್ದಂಗೆ."

ಗವಿಯ ಬಾಯಿಗೆ ಬಂದಾಗ ಸಂಗೀತ ನಿಂತಿತು.
ನಿಂತಿತು ಅನ್ನಲಾರೆ, ತೆಳ್ಳಗಾಯಿತು.
ಪಿಟೀಲು ಹೋಯಿತು, ತಮಟೆಯಂಥದೇನೋ ಹೋಯಿತು,
ಉಳಿದದ್ದು ಒಂಟಿ ಸ್ವರ
ಮತ್ತು ಅದರ ಹಿಂದೆ ನೀರಿನ ತೊಟ್ಟು.
ತೊಟ್ಟು. ಸ್ವರ. ತೊಟ್ಟು.
ಎರಡರ ನಡುವಿನ ಬಿಡುವು ಪ್ರತಿಸಲ ಬೇರೆ.
ಅಷ್ಟರಲ್ಲೇ ಅಡಗಿದೆ ಹೆದರಿಕೆ,
ಕೇಳುತ್ತಲೇ ಇರಬೇಕೆನ್ನುವ ಆಸೆಯೂ ಅಲ್ಲೇ.

"ಚಂದ್ರವಳ್ಳಿ ಗವಿನಾಗೆ ಹಿಂಗೇ," ಅಂದ ಪಾಲಯ್ಯ,
ಒಳಗೆ ಯಾರೋ ಇದ್ದಾರೆಂಬಂತೆ ದನಿ ತಗ್ಗಿಸಿ.
"ಕುರಿ ತಪ್ಪಿಸ್ಕೊಂಡು ಒಳಗೆ ಹೋಗಿತ್ತು. ನಾನಿನ್ನ ಹುಡುಗ.
ಅದು ಕೂಗೋದು ನಿಲ್ಲಿಸಿದ ಮ್ಯಾಲೆ ಕೇಳ್ತು ಈ ಸಪ್ಪಳ."
ಕುರಿ ಸಿಕ್ಕಿತೇ ಎಂದು ನಾನು ಕೇಳಲಿಲ್ಲ.

ಗವಿಯಾಚೆ ಕಡಲು. ಬೆಳಕು ಇನ್ನೂ ಹರಿದಿಲ್ಲ,
ನೀರಿಗೂ ಮುಗಿಲಿಗೂ ಒಂದೇ ಬಣ್ಣ,
ಬದನೆ ಹೂವನ್ನು ಹಾಲಿನಲ್ಲಿ ಅರೆದರೆ ಬರಬಹುದಾದದ್ದು.
ಕೀಲಿಮಣೆಯಿಂದ ಕೈ ತೆಗೆದೆ.
ಕೈ ತೆಗೆದರೆ ಹುಡುಗಿ ತಾನೇ ಕೂರುತ್ತಾಳೆ,
ಚಪ್ಪಲಿ ಬಿಚ್ಚಿ ಮರಳು ಕೊಡವುತ್ತಾಳೆ,
ಒಮ್ಮೆ ಹೆಗಲ ಮೇಲಿಂದ ಹಿಂದೆ ನೋಡುತ್ತಾಳೆ.
ಯಾರೂ ಆಡದ ಹೊತ್ತಿಗೆಂದೇ
ಯಾರೋ ಮಾಡಿಟ್ಟದ್ದು ಇದು,
ಊಟಕ್ಕೆ ಕರೆದರೂ ಏಳದೆ.

ನಾವಿಬ್ಬರೂ ಮಾತಾಡಲಿಲ್ಲ.
ಕಿಟಕಿಯಾಚೆ ಒಂದು ರೆಕ್ಕೆಯೂ ಅಲುಗಲಿಲ್ಲ.

ಎರಡು ಗಂಟೆಯ ದಾಖಲೆ ತಪ್ಪಿಹೋಗಿತ್ತು.
ಮೂರಕ್ಕೆ, ಸೊನ್ನೆ ಪಾಯಿಂಟ್ ನಾಲ್ಕು. ದಿಕ್ಕು ಗೊತ್ತಾಗದು.
ಷರಾದ ಸಾಲಿನಲ್ಲಿ, ಕೈ ತಾನಾಗಿ,
ಹುಲ್ಲು ಮೂಡಲಿಗೆ ಬಾಗಿದೆ ಎಂದು ಬರೆದಿತ್ತು.
ಅಡ್ಡಗೆರೆ ಹೊಡೆದು ಪಕ್ಕದಲ್ಲಿ ಸಹಿ ಹಾಕಿದೆ.

ಸುತ್ತು ಹೊರಟ ಪಾಲಯ್ಯ ಬಾಗಿಲಲ್ಲಿ ತಿರುಗಿ,
"ಮುಚ್ಚಬ್ಯಾಡ ತಮ್ಮಾ," ಅಂದ,
"ಅವ್ಳು ಈಗಿನ್ನ ಕೂತವ್ಳೆ."