ನಾಯಿ ಹಿಡ್ಕೊಳ್ಳಿ

ನಮ್ಮ ಕಡೆ ಬಾಗಿಲು ತಟ್ಟುವ ಪದ್ಧತಿಯಿಲ್ಲ.
ಬೇಲಿಯಾಚೆ ನಿಂತು ಕೂಗಬೇಕು: 'ನಾಯಿ ಹಿಡ್ಕೊಳ್ಳಿ!'
ನಾಯಿ ಇರಲಿ, ಇಲ್ಲದಿರಲಿ, ಅದೇ ನಮಸ್ಕಾರ.
ಒಳಗಿಂದ ಯಾರಾದರೂ ಓಗೊಟ್ಟರೆ ನೀನು ನೆಂಟ.
ಯಾರೂ ಓಗೊಡದಿದ್ದರೆ
ಗೊನ್ಚಿಗ್ ಹೇಳಿಕೊಟ್ಟಂತೆ
ಒಂದು ಸಿಳ್ಳೆ.

ಉಲಾನ್‌ಬಾತರಿನ ನೆಲದಡಿ ಬಿಸಿನೀರಿನ ಕೊಳವೆ ಹೋಗುತ್ತದೆ,
ಮಹಡಿಮನೆಯವರ ಚಳಿ ಕಾಯಲು.
ಅದರ ಮೇಲೆ ನಾವು ಐದು ಜನ.
ಕೊಳವೆಯ ಕಡೆಗಿನ ಮಗ್ಗುಲು ಬೇಯುತ್ತದೆ,
ಇನ್ನೊಂದು ಹೆಪ್ಪುಗಟ್ಟುತ್ತದೆ.
ರಾತ್ರಿಯೆಲ್ಲ ಹೆಂಚಿನ ರೊಟ್ಟಿಯಂತೆ ಮಗುಚಿಕೊಳ್ಳುತ್ತ
ನೆನಪಿನ ಚೂರು ಎಣಿಸುತ್ತೇನೆ:
ಕಿತ್ತಳೆ ಬಣ್ಣದ ಪೆಟ್ಟಿಗೆ, ಒಂದು ಕಡೆ ಹಿಡಿ ಇಲ್ಲ.
ಕಲ್ಲಿದ್ದಲ ಹೊಗೆಯಲ್ಲಿ ಒಂದು ಕೆಮ್ಮು,
ಗಂಡಸಿನದೋ ಹೆಂಗಸಿನದೋ.
ಇಷ್ಟೇ.
ಎರಡು ಎಣಿಸಲು ಎಷ್ಟು ಹೊತ್ತು ಬೇಕು?
ಮತ್ತೆ ಮೊದಲಿಂದ.

ಅನಾಥಾಲಯದ ಪುಸ್ತಕದಲ್ಲಿದೆ:
ರೈಲು ನಿಲ್ದಾಣದಲ್ಲಿ ಸಿಕ್ಕಿದ್ದು. ವಯಸ್ಸು ಸುಮಾರು ಮೂರು.
ಕೋಟಿಗೆ ಪಿನ್ನು ಚುಚ್ಚಿದ ಚೀಟಿ: ಎನೆಬಿಶ್.
ತಂದೆ, ಗೀಟು. ತಾಯಿ, ಗೀಟು.
ಎನೆಬಿಶ್ ಅಂದರೆ 'ಇದಲ್ಲ'.
ಹುಡುಗರು ನಕ್ಕರು.
ಗುಮಾಸ್ತೆ ನಗಲಿಲ್ಲ, ಏನೂ ಹೇಳಲೂ ಇಲ್ಲ.
ಮಗು ಬೇಕೆಂದು ಎಲ್ಲಿಂದಲೋ ಹಾರಿಬಂದವರು
ಗಲ್ಲ ಹಿಡಿದು ನೋಡಿದರು, ಹೆಸರು ಕೇಳಿದರು,
ದುಭಾಷಿ ಅರ್ಥ ಹೇಳಿದ ಮೇಲೆ
ಮುಂದಿನವನ ಹತ್ತಿರ ಹೋದರು.
ಹೆತ್ತವರೇ ಬೇಡವೆಂದು ಬರೆದು ಅಂಟಿಸಿದ ಸರಕು ನಾನು,
ಹೀಗೆಂದು ನಾನೂ ನಂಬಿದೆ. ಓಡಿಬಂದೆ.

ಗೊನ್ಚಿಗ್ ತನ್ನ ಎಂಜಲು ಕೊಟ್ಟ, ಅಣ್ಣ ಅನ್ನಿಸಿಕೊಂಡ.
ಮೊದಲು ಟೋಪಿ: ಬಸ್ಸು ಹತ್ತುವವರ ತಲೆಯಿಂದ
ನರಿತುಪ್ಪಳ ಎಗರಿಸುವುದು.
ಆಮೇಲೆ ತಾಮ್ರದ ತಂತಿ. ಆಮೇಲೆ ಮನೆ.
ಅವನಿಗೆ ಟೀವಿ ಬೇಕು, ಪಾತ್ರೆ ಬೇಕು.
ನಾನು ಒಳಹೊಕ್ಕು ಮೊದಲು ನೋಡುವುದು
ಪೆಟ್ಟಿಗೆಯ ಹಿಡಿ.
ಹನ್ನೊಂದು ಮನೆ, ಎಲ್ಲ ಪೆಟ್ಟಿಗೆಗೂ ಎರಡೆರಡು.
ಒಂದರಲ್ಲಿ ಮಾತ್ರ ಎರಡೂ ಇರಲಿಲ್ಲ.
ಅಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ,
ಒದೆ ತಿಂದೆ.

ನಿನ್ನೆ, ಗುಡ್ಡದ ಮೇಲಿನ ಕೊನೆಯ ಉಣ್ಣೆಗುಡಾರ.
'ನಾಯಿ ಹಿಡ್ಕೊಳ್ಳಿ' ಅಂದೆ,
ಮೆಲ್ಲಗೆ, ಯಾರಿಗೂ ಕೇಳದಿರಲೆಂದು.
'ನಾಯಿ ಸತ್ತು ವರ್ಷವಾಯಿತು, ಬಾ' ಅಂತು ಒಂದು ದನಿ.

ಡುಲ್ಮಾ ಎಂಬ ಮುದುಕಿ. ಉಪ್ಪು ಹಾಕಿದ ಹಾಲಿನ ಚಹಾ,
ಹಲ್ಲು ಮುರಿಯುವಂಥ ಒಣಮೊಸರಿನ ಬಿಲ್ಲೆ.
ಹೊಸ್ತಿಲು ತುಳಿಯಬೇಡ ಅಂದಳು. ತುಳಿದಾಗಿತ್ತು.
ಹೆಸರು ಕೇಳಿದಳು. ಹೇಳಿ, ನಗಲೆಂದು ಕಾದೆ.

ಬಟ್ಟಲು ಕೆಳಗಿಟ್ಟಳು.
'ನಿನಗಿಂತ ಮುಂಚೆ ಎಷ್ಟು ಹೋಗಿದ್ದವು ನಿಮ್ಮಮ್ಮನಿಗೆ?'

ನನಗೇನು ಗೊತ್ತು.

'ಸುಮ್ಮನೆ ಇಡುವ ಹೆಸರಲ್ಲ ಕಣೋ ಅದು.
ಒಂದೊಂದಾಗಿ ಒಯ್ದ ಸಾವು ಮತ್ತೆ ಬಂದಾಗ
ಬಾಗಿಲಿಗೆ ಅಡ್ಡ ನಿಂತು ಹೇಳುವ ಸುಳ್ಳು:
ನೀನು ಹುಡುಕುವುದು ಇದಲ್ಲ. ಇದಲ್ಲ, ಹೋಗು.
ನಾನೂ ಹೇಳಿದ್ದೆ. ನನ್ನ ಮೂರನೆಯದಕ್ಕೆ
ನೆರ್ಗುಯಿ ಅಂತಿಟ್ಟೆ, ಹೆಸರೇ ಇಲ್ಲ ಅಂತ.
ನನ್ನ ಸುಳ್ಳು ಸಿಕ್ಕಿಬಿತ್ತು.
ನಿಮ್ಮಮ್ಮ ಜಾಣೆ.'

ಒಲೆಯೊಳಗೆ ಕೆಂಡ ಕುಸಿದ ಸದ್ದು.
ಹಾಗಾದರೆ ನನಗೆ ಅಣ್ಣಂದಿರಿದ್ದರು. ಅಥವಾ ಅಕ್ಕಂದಿರು.
ಎಲ್ಲೋ ನೆಲದಡಿ, ನನ್ನ ಹಾಗೇ,
ಬರೀ ಕೊಳವೆಯಿಲ್ಲ.

ಪೆಟ್ಟಿಗೆ ನೋಡಿದೆ. ಎರಡೂ ಹಿಡಿ ಇದ್ದವು.
ಈಕೆಯಲ್ಲ.
ಆದರೂ ಇನ್ನೊಂದು ಬಟ್ಟಲು ಕುಡಿದೆ.

ಬೇಲಿಯ ಹತ್ತಿರ ತಳ್ಳುಗಾಡಿ ಹಿಡಿದು ಗೊನ್ಚಿಗ್ ನಿಂತಿದ್ದ,
ಹುಬ್ಬಿನ ಮೇಲೆ ಹಿಮ, ತೋಳಿನೊಳಗೆ ಸರಳು.
'ಯಾಕಿಷ್ಟು ಹೊತ್ತು? ಯಾರಿದ್ದಾರೆ?
ಇದೇ ತಾನೆ ಮನೆ?'

ಬಾಗಿಲಿಗೆ ಅಡ್ಡ ನಿಂತೆ.
'ಇದಲ್ಲ' ಅಂದೆ.
'ಇದಲ್ಲ, ಹೋಗು.'