ಚೆಕ್ಕುಬಂದಿ

ಮಂಜೇಶ್ವರದ ರಿಜಿಸ್ಟ್ರಿ ಕಚೇರಿಯ ಎದುರು
ತಗಡು ಮಾಡಿನ ಕೆಳಗೆ ಕೂತು ನಾನು ಬರೆಯುವುದು ಇಷ್ಟೇ:
ಪೂರ್ವಕ್ಕೆ ಐತಪ್ಪನ ಗೇರು ಹಿತ್ತಿಲು,
ಪಶ್ಚಿಮಕ್ಕೆ ಸರಕಾರಿ ತೋಡು,
ಉತ್ತರಕ್ಕೆ ಬೀಫಾತಿಮ್ಮನ ಪಾಗಾರ,
ದಕ್ಷಿಣಕ್ಕೆ, ಸದ್ಯಕ್ಕೆ, ತಕರಾರು.

ಚಳಿಗಾಲದ ಎರಡನೇ ಶನಿವಾರ ಪೆನ್ನಿಗೆ ರಜೆ.
ಉಪ್ಪಳದಿಂದ ಮೊದಲ ಬಸ್ಸು,
ಗೋಳಿಬಜೆ ಸುತ್ತಿದ ಕಾಗದ ಇನ್ನೂ ಬಿಸಿಯಿರುವಾಗಲೇ
ಪೊಸಡಿಗುಂಪೆಯ ಬುಡ.
ಚಳಿಯೆಂದರೆ ಇಲ್ಲಿ ಏನು ಮಹಾ,
ಕಿವಿಗೊಂದು ಬೈರಾಸು ಸುತ್ತಿದರೆ ಮುಗಿಯಿತು.
ಆದರೂ ಬಾಯಿಂದ ಒಮ್ಮೆ ಹೊಗೆ ಹೊರಟದ್ದು ಕಂಡು
ಜಲಜಾಕ್ಷಿ ನಿಂತೇಬಿಟ್ಟಳು:
"ನೋಡಿ, ನಮಗೂ ಬರ್ತದೆ!"

ಮುಳಿಹುಲ್ಲು ಮೊಣಕಾಲವರೆಗೆ ಒದ್ದೆ.
ಹುಲ್ಲು ಕೊಯ್ಯುವ ಹೆಂಗಸು ಕತ್ತಿ ನಿಲ್ಲಿಸಿ ಕೇಳುತ್ತಾಳೆ,
"ದನ ತಪ್ಪಿಸಿಕೊಂಡದ್ದಾ?"
ಇಲ್ಲ.
"ಜಾಗ ನೋಡಲಿಕ್ಕಾ ಹಾಗಾದರೆ?"
ಇಲ್ಲ ಮಾರಾಯ್ತಿ, ಸುಮ್ಮನೆ.
ಸುಮ್ಮನೆ ಎಂಬುದನ್ನು ಅವಳು ಬಾಯಲ್ಲಿಟ್ಟು ಅಗಿದು,
ರುಚಿ ಹತ್ತದೆ,
ಮತ್ತೆ ಹುಲ್ಲಿಗೆ ಬಾಗುತ್ತಾಳೆ.

ಮೇಲೆ ಮರವಿಲ್ಲ. ಮುರಕಲ್ಲು, ಗಾಳಿ.
ಮೂಡಿನ ಕಣಿವೆಯ ಮಂಜಿನಲ್ಲಿ
ತೆಂಗಿನ ತಲೆಗಳು ಈಜುತ್ತವೆ.
ಪಡುವಲಲ್ಲಿ ಇರುವುದು ಕಡಲೆಂದು ಕೂಡಲೇ ತಿಳಿಯುವುದಿಲ್ಲ,
ಆಕಾಶದ ಕೆಳಗಂಚಿಗೆ ಯಾರೋ ಇಸ್ತ್ರಿ ಹಾಕಿದ ಹಾಗೆ.
ಶಿರಿಯ ಹೊಳೆಯ ಕೊನೆಯಲ್ಲೊಂದು ಬೆಳ್ಳಿ ಕೊಕ್ಕೆ.
"ನಾಳೆ ಇಷ್ಟು ಹೊತ್ತಿಗೆ ಅಲ್ಲಿ," ಅನ್ನುತ್ತಾಳೆ.
ಮೂಡುಗಾಳಿ ಅವಳ ಶಾಲು ಎಳೆದು ಅತ್ತಲೇ ತೋರಿಸುತ್ತದೆ.

ಭಾನುವಾರ.
ಬೇಕಲದ ಯಾವುದೋ ರೆಸಾರ್ಟು ಮುಚ್ಚಿದಾಗ ಕೊಂಡ
ಹಳದಿ ಕಯಾಕು, ಬದಿಯಲ್ಲಿ ಅಳಿಸದ ಒಂದು ಏಳು.
ಮೊಯ್ದೀನ್ ಕುಂಞಿಯ ಐಸ್ ಶೆಡ್ಡಿನಲ್ಲಿ ಮಲಗಿ ಮಲಗಿ
ಅದಕ್ಕೆ ಬಂಗುಡೆಯ ವಾಸನೆ ಅಂಟಿದೆ.
ಮನೆಯ ಬೆಕ್ಕಿಗೆ ನನ್ನ ಮೇಲೆ
ಭಾನುವಾರ ಮಾತ್ರ ಪ್ರೀತಿ.

ಅಳಿವೆ ದಾಟುವುದೇ ಕಷ್ಟ. ಮೂರು ತೆರೆ ಎಣಿಸಬೇಕು,
ನಾಲ್ಕನೆಯದರ ಬೆನ್ನಿಗೆ ಹುಟ್ಟು ಹಾಕಬೇಕು.
ಎಣಿಸುವವಳು ಅವಳು, ಕುಂಬಳೆ ಆಸ್ಪತ್ರೆಯಲ್ಲಿ
ಇಪ್ಪತ್ತು ವರ್ಷ ನಾಡಿ ಎಣಿಸಿದವಳು.
ಮುಂದೆ ಕೂರುವವಳೂ ಅವಳೇ;
ಅವಳ ಭುಜ ಹೋದ ಕಡೆ ನನ್ನ ಭುಜ.
ಒಮ್ಮೆ ಲೆಕ್ಕ ತಪ್ಪಿತು. ಮಗುಚಿತು.
ಉಪ್ಪು, ಮರಳು, ಮೂಗಿನ ತುಂಬ ಅರಬ್ಬಿ.
ಬಲೆ ಬಿಡಿಸುತ್ತಿದ್ದ ಮಕ್ಕಳೆಲ್ಲ ಎದ್ದು ನಿಂತು ಚಪ್ಪಾಳೆ.

ಆಚೆ ಹೋದರೆ ಕಡಲು
ಜಗಳ ಮುಗಿದ ಮನೆಯಷ್ಟು ಸ್ತಬ್ಧ.
ಹುಟ್ಟಿನಿಂದ ಹನಿ ಬೀಳುವುದೂ ಕೇಳುತ್ತದೆ.
ದೋಣಿಯಿಂದ ಡೊಂಬಯ್ಯ ಕೂಗಿದ, "ಮೀನು ಉಂಟಾ?"
ಇಲ್ಲ.
"ಬಲೆಯೂ ಇಲ್ವಾ?"
ಇಲ್ಲ.
"ಮತ್ತೆ?"
ಗುಂಪೆಯ ಆ ಹೆಂಗಸಿಗೂ ಇವನಿಗೂ
ಎಲ್ಲೋ ನೆಂಟಸ್ತಿಕೆ ಇರಬೇಕು.
ಬರಿಗೈಯಲ್ಲಿ ಮರಳುವವರನ್ನು ನೋಡಲಾರದೆ
ಹತ್ತಿರ ಬಂದು ಎರಡು ಹಿಡಿ ಬೂತಾಯಿ
ನನ್ನ ಕಾಲ ಬುಡಕ್ಕೆ ಸುರಿದು ಹೋದ.

ತಿರುಗಿ ನೋಡಿದರೆ ದಡ ಒಂದು ಗೆರೆ.
ಅದರ ಹಿಂದೆ ಕಾಣದ ರೈಲಿನ ಸದ್ದು,
ಅದರ ಹಿಂದೆ, ಅಗೋ, ಗುಂಪೆ,
ತೊಳೆದು ಕವುಚಿಟ್ಟ ಮಣ್ಣಿನ ಚಟ್ಟಿ.
ನಮ್ಮ ಮನೆ ನಡುವೆ ಎಲ್ಲೋ ಮುಳುಗಿದೆ,
ಕಟ್ಟದ ಕರೆಂಟು ಬಿಲ್ಲು, ತೊಂಡೆ ಚಪ್ಪರ ಸಮೇತ.
ನಿನ್ನೆಯ ಅದೇ ಮೂಡುಗಾಳಿ
ಹುಲ್ಲಿನ ವಾಸನೆ ಮೈಮೇಲಿಟ್ಟುಕೊಂಡೇ ಇಳಿದು ಬಂದು
ನಮ್ಮನ್ನು ಮೆಲ್ಲಗೆ ಹೊರಕ್ಕೆ ನೂಕುತ್ತದೆ.
ಇಷ್ಟು ಮೆತ್ತಗೆ ನೂಕುವ ಗಾಳಿಗೇ ಹೆದರಬೇಕು
ಎಂದು ಮೊಯ್ದೀನ್ ಮೊದಲ ದಿನವೇ ಹೇಳಿದ್ದ.
ಪಡುಗಾಳಿ ಹುಟ್ಟಿ ಮನೆಗೆ ಮುಟ್ಟಿಸಲಿ ಎಂದು
ಕಾಯುವಷ್ಟು ಹುಚ್ಚರಲ್ಲ ನಾವು.
ತಿರುಗಿಸಿದೆವು.

ನಡುವೆ ಒಂದು ಗಳಿಗೆ ಹುಟ್ಟು ತೊಡೆಯ ಮೇಲಿಟ್ಟು
ಚಟದಿಂದ ಮನಸ್ಸಿನಲ್ಲೇ ಬರೆಯಹೊರಟೆ:
ಪೂರ್ವಕ್ಕೆ ಗುಂಪೆ,
ಪಶ್ಚಿಮಕ್ಕೆ...
ಪಶ್ಚಿಮಕ್ಕೆ ಏನೆಂದು ಬರೆಯಲಿ?

"ಕೈ ನಿಲ್ಲಿಸಬೇಡಿ," ಅಂದಳು, ತಿರುಗದೆಯೇ,
"ಬೂತಾಯಿ ಬಿಸಿಲಿಗೆ ಹಾಳಾಗ್ತದೆ."